ಮುಚ್ಚಳ ಬದಲಾದ ಕಾರ್ಬ್ಯುರೇಟರ್

ನವೆಂಬರಿನ ಮಂಜು ಕೊಲ್ಲಿಯ ಮೇಲಿಂದ ಇನ್ನೂ ಎದ್ದಿರಲಿಲ್ಲ. ಸಿಂಪಿಯ ಕಾಲ. ಬೆಳಕು ಹರಿಯುವ ಮೊದಲೇ ಕಟ್ಲರ್ ದ್ವೀಪದ ಬೋಟುಗಳೆಲ್ಲ ಹೊರಟುಹೋಗಿದ್ದವು. ದೂರದಲ್ಲೆಲ್ಲೋ, ಕಣ್ಣಿಗೆ ಕಾಣದ ಕಡೆ, ಉದ್ದ ಹಿಡಿಯ ಇಕ್ಕಳಗಳು ನೀರಿನ ತಳ ಕೆರೆದು ಸಿಂಪಿ ಎತ್ತುವ ಗರಗರ ಸದ್ದು ಮಾತ್ರ ಕೇಳುತ್ತಿತ್ತು.

ಥರ್ಮನ್ ಹಾರ್ನರನ ಇಂಜಿನ್ ಷೆಡ್ಡಿನಲ್ಲಿ ಯಾವ ಸದ್ದೂ ಇರಲಿಲ್ಲ. ಬೇರೆ ವರ್ಷಗಳಲ್ಲಾದರೆ ಈ ಕಾಲದಲ್ಲಿ ಅಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಈಗ ನೆಲ ಖಾಲಿ. ಒಲೆಯ ಪಕ್ಕ ಒಂದು ಸ್ಟೂಲಿನ ಮೇಲೆ ಅವನು ಕೈಗಳನ್ನು ತೊಡೆಯ ನಡುವೆ ಸೇರಿಸಿಕೊಂಡು ಕೂತಿದ್ದ. ಕೈಗೆ ಎಣ್ಣೆ ತಾಗಿ ಬಹಳ ದಿನವಾದ ಹಾಗೆ ಉಗುರುಗಳು ಬೆಳ್ಳಗಾಗಿದ್ದವು.

“ಒಳಗೆ ಬರಬಹುದಾ?” ಎಂದ ಏಮಸ್ ಟಲ್.

“ಬಾ. ಪೊಲೀಸಿನವರು ಕೇಳ್ಕೊಂಡು ಒಳಗೆ ಬರೋದು ಯಾವಾಗಿಂದ ಶುರುವಾಯ್ತು?”

ಟಲ್ ಜಲ ಪೊಲೀಸಿನವನು. ಹುಟ್ಟಿದ್ದು ಇದೇ ದ್ವೀಪದಲ್ಲಿ, ಈ ಷೆಡ್ಡಿನ ಎದುರಿನ ಹಳ್ಳದಾಚೆಯ ಮನೆಯಲ್ಲಿ. ಆ ಮನೆ ಈಗಿಲ್ಲ, ಅದರ ಅಂಗಳವನ್ನೂ ನೀರು ತಿಂದುಹಾಕಿದೆ. ಕಳೆದ ವಾರ ಥರ್ಮನ್‌ನ ಭಾವ, ಅಂದರೆ ಅಕ್ಕನ ಗಂಡ, ನಾರ್ವಿಲ್ ಬಾಜ್‌ಮನ್ ಬೋಟು ನಿಲ್ಲಿಸುವ ಕಟ್ಟೆಯಲ್ಲೇ ಬೋಟಿನ ಕೀಲಿ ತಿರುಗಿಸಿ, ಬೋಟಿನ ಸಮೇತ ಸಿಡಿದುಹೋಗಿದ್ದ. ಇಂಜಿನ್ನು ಕೂರಿಸಿಕೊಟ್ಟವನು ಥರ್ಮನ್. ಇವತ್ತು ಮಧ್ಯಾಹ್ನ ಅಂಚೆ ಒಯ್ಯುವ ಮೇಲ್ ಬೋಟಿನಲ್ಲಿ ಅವನನ್ನು ಆಚೆ ದಡಕ್ಕೆ ಒಯ್ಯಬೇಕೆಂದು ಟಲ್‌ಗೆ ಅಪ್ಪಣೆಯಾಗಿತ್ತು.

ಟಲ್ ತಾನು ತಂದಿದ್ದ ಗೋಣಿ ಬಿಚ್ಚಿ, ಕಪ್ಪು ಹಿಡಿದ ಒಂದು ಕಾರ್ಬ್ಯುರೇಟರನ್ನು ಮೇಜಿನ ಮೇಲಿಟ್ಟ. ಮುಳುಗುಗಾರರು ಕೆಸರಿನಿಂದ ಎತ್ತಿ ತಂದದ್ದು.

“ನೀನು ಹಾಕಿದ್ದು ಇದೇನಾ ನೋಡು.”

ಥರ್ಮನ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಬದಿಯಲ್ಲಿದ್ದ ಹಿತ್ತಾಳೆ ತಗಡನ್ನು ಹೆಬ್ಬೆರಳಿನಿಂದ ಉಜ್ಜಿದ.

“ಇದೇ. ತಗಡು ನೋಡು, ಬೋಟಿನದು ಅಂತ ಬರೆದೇ ಇದೆ. ಕಾರಿನದನ್ನ ಹಾಕ್ದೆ ಅಂತಾರಲ್ಲ ಊರವರು, ಅವರ ಬಾಯಿಗೆ ಮಣ್ಣು ಹಾಕ. ಸರಿಯಾದ್ದೇ ಹಾಕಿದೀನಿ, ಏಮಸ್.”

ಟಲ್ ನೋಡಿದ್ದು ಮುಚ್ಚಳವನ್ನು. ಒಡಲು ಬೋಟಿನದೇ, ನಿಜ. ಮೇಲಿನ ಮುಚ್ಚಳ ಬೋಟಿನದಲ್ಲ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲು ಒಮ್ಮೊಮ್ಮೆ ತುಂಬಿ ಉಕ್ಕುತ್ತದೆ. ಬೋಟಿನ ಮುಚ್ಚಳವಾದರೆ ಅದರ ಉಸಿರುಕೊಳವೆ ಬಾಗಿ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಗಂಟಲಿನತ್ತ ತಿರುಗಿರುತ್ತದೆ. ಉಕ್ಕಿದ ಪೆಟ್ರೋಲನ್ನು ಇಂಜಿನ್ನೇ ನುಂಗುತ್ತದೆ. ಕಾರಿನದಕ್ಕೆ ಆ ಬಾಗು ಇಲ್ಲ, ಉಕ್ಕಿದ್ದು ಹೊರಗೆ ಸುರಿಯುತ್ತದೆ. ರಸ್ತೆಯ ಮೇಲೆ ಸುರಿದರೆ ಗಾಳಿ ಒಯ್ಯುತ್ತದೆ. ಬೋಟಿನಲ್ಲಿ ಹಲಗೆಯ ಕೆಳಗೆ ಇಳಿದು, ಆವಿಯಾಗಿ, ಅಲ್ಲೇ ತಳದಲ್ಲಿ ಕೂರುತ್ತದೆ. ಸ್ಟಾರ್ಟರಿನ ಒಂದು ಕಿಡಿ ಸಾಕು.

ಟಲ್ ಇದನ್ನು ಇಲಾಖೆಯ ತರಬೇತಿಯಲ್ಲಿ ಕಲಿತವನು. ಥರ್ಮನ್ ಹುಟ್ಟಿದ್ದೇ ಈ ಷೆಡ್ಡಿನಲ್ಲಿ. ಆದರೂ ಕೊಳವೆಯ ಕಡೆ ಅವನ ಕಣ್ಣು ಹೋಗಲೇ ಇಲ್ಲ.

“ಆ ಇಂಜಿನ್ ಎಲ್ಲಿಂದ ತಂದದ್ದು?”

“ಆಚೆ ದಡದಿಂದ. ಹೆಣ ಒಯ್ಯೋ ಗಾಡಿದು. ಗಾಡಿ ಮರಕ್ಕೆ ಗುದ್ದಿ ಅಪ್ಪಚ್ಚಿಯಾಗಿತ್ತು, ಇಂಜಿನ್ನಿಗೆ ಒಂದು ಗೀರೂ ಇಲ್ಲ. ಭಾವ ನಗ್ತಿದ್ದ. ಪಾಪ, ಇದು ಹುಟ್ಟಿದಾಗಿಂದ ನಡ್ಕೊಂಡೇ ಹೋಗಿದೆ, ನಮ್ಮಲ್ಲಿಗೆ ಬಂದಾದ್ರೂ ಓಡೋದು ಕಲೀಲಿ ಅಂತ.”

“ಅದರ ಜೊತೆ ಬಂದಿದ್ದ ಕಾರ್ಬ್ಯುರೇಟರು?”

“ತೆಗೆದು ಅಲ್ಲಿ ನೇತುಹಾಕಿದೆ.”

ಗೋಡೆಯ ಮೊಳೆಗೆ ಸುತ್ತಿದ ತಂತಿಯಲ್ಲಿ ಅದು ತೂಗುತ್ತಿತ್ತು. ಟಲ್ ಇಳಿಸಿ ನೋಡಿದ. ಒಡಲು ಕಾರಿನದು. ಮುಚ್ಚಳದ ಕೊಳವೆ ಚೊಕ್ಕವಾಗಿ ಬಾಗಿ ಗಂಟಲಿನತ್ತ ತಿರುಗಿತ್ತು.

ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ನ್ಯಾಯಾಧೀಶನಿಗೆ ಬೇಕು? ಬೋಟಿಗೆ ಹೋಗಬೇಕಿದ್ದ ಮುಚ್ಚಳ ಆರೋಪಿಯ ಗೋಡೆಯ ಮೇಲೇ ತೂಗುತ್ತಿದೆ.

“ಎರಡನ್ನೂ ತಗೊಂಡು ಹೋಗ್ತೀನಿ.”

“ತಗೋ.” ಥರ್ಮನ್ ಎದ್ದು ನಿಂತ. “ಏಮಸ್, ಇವತ್ತು ನಾನು ಬರಲೇಬೇಕಾ?”

“ಬರಬೇಕು.”

“ಒಂದ್ಸಲ ನಿನ್ನ ಜೊತೆ ಆ ಬೋಟು ಹತ್ತಿದ್ನೋ, ಮುಗೀತು. ಬಿಟ್ಟು ಕಳಿಸಿದ್ರೂ ಅಷ್ಟೇ. ಭಾವನ್ನ ಕೊಂದವನು ಅಂತಾನೇ ಸಾಯೋವರೆಗೂ ಕರೀತಾರೆ. ಈ ಷೆಡ್ಡಿಗೆ ಒಂದು ನಟ್ಟೂ ಬರಲ್ಲ. ಇನ್ನೂ ಹೊತ್ತಿದೆ. ಹುಡುಕು ಮಾರಾಯ, ಬೇರೆ ಏನಾದ್ರೂ ಹುಡುಕು.”

*

ಕಟ್ಟೆಯ ತುದಿಯಲ್ಲಿ, ಕವುಚಿ ಹಾಕಿದ ಬುಟ್ಟಿಯ ಮೇಲೆ ಕೂತು ಎಲ್ಜೀ ಮ್ಯೂಯರ್ ಇಕ್ಕಳದ ಹಲ್ಲುಗಳನ್ನು ಉಜ್ಜುತ್ತಿದ್ದ. ನಾರ್ವಿಲ್‌ನ ಬೋಟಿನಲ್ಲಿ ಅವನು ಜೊತೆಗಾರ; ಎತ್ತಿದ ಸಿಂಪಿಯನ್ನು ಸುತ್ತಿಗೆಯಿಂದ ಬಿಡಿಸಿ, ಸಣ್ಣವನ್ನು ನೀರಿಗೆ ವಾಪಸ್ ಎಸೆಯುವುದು ಅವನ ಕೆಲಸ. ಈಗ ಬೋಟಿಲ್ಲ. ಆದರೂ ಇಕ್ಕಳ ಉಜ್ಜುತ್ತಿದ್ದ.

“ಏನ್ ಸಾಹೇಬ್ರೆ, ತರಕಾರಿ ತಂದ್ರಾ ಗೋಣೀಲಿ?”

“ನಿನ್ನನ್ನ ಒಂದು ಕೇಳೋದಿದೆ. ಆ ಬೆಳಗ್ಗೆ ನೀನ್ಯಾಕೆ ಬೋಟಿಗೆ ಬರಲಿಲ್ಲ?”

“ಇಡೀ ದ್ವೀಪಕ್ಕೆ ಹೇಳಿ ಆಯ್ತಲ್ಲ. ಸೊಂಟ ಹಿಡ್ಕೊಂಡಿತ್ತು.”

“ನಾರ್ವಿಲ್‌ಗೆ ವಾಸನೆ ಗೊತ್ತಾಗ್ತಿರ್ಲಿಲ್ಲ ಅಂತಾರಲ್ಲ, ನಿಜಾನಾ?”

ಎಲ್ಜೀ ಉಜ್ಜುವುದನ್ನು ನಿಲ್ಲಿಸಿದ. “ಜ್ವರ ಬಂದು ಬದುಕ್ಕೊಂಡ್ನಲ್ಲ, ಆವಾಗಿಂದ. ಅವನ ಮುಖದ ಮೇಲೆ ಮೂಗು ಇದ್ದದ್ದು ಕನ್ನಡಕ ಕೂರಿಸೋಕೆ ಅಷ್ಟೇ. ಅದಕ್ಕೇ ದಿನಾ ಬೆಳಗ್ಗೆ ಇಂಜಿನ್ ಪೆಟ್ಟಿಗೆ ತೆಗೆದು ನಾನು ತಲೆ ಹಾಕ್ತಿದ್ದೆ. ಪೆಟ್ರೋಲು ಸೋರಿದೆಯಾ ಅಂತ ಮೂಸಿ ನೋಡಿ ‘ಸರಿ ಕ್ಯಾಪ್ಟನ್’ ಅನ್ಬೇಕು. ಅಂದ್ಮೇಲೇ ಕೀಲಿ. ಒಂದಿನ ಕೆಮ್ಮು ಬಂದು ನಾನು ಹೇಳೋದೇ ಮರೆತೆ. ಕೀಲಿ ಹಿಡ್ಕೊಂಡು ಕಂಬದ ಹಾಗೆ ನಿಂತಿದ್ದ ಪುಣ್ಯಾತ್ಮ. ಬೇರೆ ಬೋಟಿನವರೆಲ್ಲ ಅಣಕಿಸ್ಕೊಂಡು ದಾಟಿ ಹೋದ್ರು.”

“ನೀನು ಬರದಿದ್ದ ದಿನ?”

“ಪಕ್ಕದ ಬೋಟಿನವರು ಯಾರಾದ್ರೂ ಮೂಸ್ತಿದ್ರು. ಯಾರೂ ಸಿಗದಿದ್ರೆ ಮನೆಗೆ ಹೋಗಿ ಮಲಗ್ತಿದ್ದ. ಬೇರೆಯವರ ಬಾಯಿಂದ ‘ಸರಿ’ ಅಂತ ಕೇಳದೆ ಅವನು ಕೀಲಿ ಮುಟ್ಟಿದವನೇ ಅಲ್ಲ.”

ಪಕ್ಕದ ಬೋಟಿನವರನ್ನೆಲ್ಲ ಟಲ್ ವಿಚಾರಿಸಿಯಾಗಿತ್ತು. ಆ ಬೆಳಗ್ಗೆ ಅವರೆಲ್ಲ ನಾರ್ವಿಲ್‌ಗಿಂತ ಮೊದಲೇ ಹೊರಟಿದ್ದರು, ಒಬ್ಬರನ್ನೊಬ್ಬರು ನೋಡಿದ್ದರು. ಆಗ ಕಟ್ಟೆಯಲ್ಲಿ ಉಳಿದಿದ್ದುದು ನಾರ್ವಿಲ್‌ನ ಬೋಟು ‘ಲಿಯೋಟಾ’ ಒಂದೇ. ಇಲ್ಲಿನವರು ಬೋಟಿಗೆ ಹೆಂಡತಿಯ ಹೆಸರಿಡುತ್ತಾರೆ; ನಾರ್ವಿಲ್ ಕೂಡ ಇಟ್ಟಿದ್ದ.

“ಹಾಗಾದ್ರೆ ಆ ದಿನ ಸರಿ ಅಂದದ್ದು ಯಾರು?”

“ನನ್ನ ಕೇಳಿದ್ರೆ? ನಾನು ಹಾಸಿಗೇಲಿದ್ದೆ ಅಂತ ಹೇಳ್ಲಿಲ್ವಾ!” ಎಲ್ಜೀಯ ದನಿ ಬೇಕಾದ್ದಕ್ಕಿಂತ ಒಂದು ಪಟ್ಟು ಏರಿತ್ತು.

ಟಲ್ ಗೋಣಿಯಿಂದ ಎರಡೂ ಕಾರ್ಬ್ಯುರೇಟರುಗಳನ್ನು ತೆಗೆದು ಹಲಗೆಯ ಮೇಲೆ ಜೋಡಿಸಿದ. “ನನ್ನ ಬೋಟಿಗೆ ಒಂದು ಬೇಕು. ಯಾವುದರ ಮುಚ್ಚಳ ಸರಿಯಿದೆ, ಆರಿಸು.”

ಎಲ್ಜೀ ಬಗ್ಗಿ ನೋಡಿದ. ಒಂದನ್ನು ಬೆರಳಿನಿಂದ ತಟ್ಟಿದ, ಇನ್ನೊಂದರ ಗಂಟಲಿಗೆ ಊದಿದ.

“ಇದು ಸುಟ್ಟಿದೆ. ಅದು ಹೊಳೀತಿದೆ. ಹೊಳಿಯೋದೇ ಇರಲಿ.”

“ಬೇರೇನೂ ವ್ಯತ್ಯಾಸ ಕಾಣಲ್ವಾ?”

“ನನ್ನ ತಲೆಗೆ ಇಂಜಿನ್ ಹತ್ತಿದ್ರೆ ಯಾಕೆ ಇನ್ನೊಬ್ಬರ ಬೋಟಿನಲ್ಲಿ ಚಿಪ್ಪು ಕುಟ್ತಿದ್ದೆ, ಸಾಹೇಬ್ರೆ?”

ನಟನೆಯಲ್ಲ. ಕೊಳವೆಗಳ ಮೇಲೆ ಅವನ ಕಣ್ಣು ನಿಂತೇ ಇರಲಿಲ್ಲ. ಮುಚ್ಚಳ ಬದಲಾಯಿಸಿದವನು ಇವನಲ್ಲ. ಆದರೆ ಹಾಸಿಗೆಯಲ್ಲಿದ್ದೆ ಅನ್ನುವಾಗ ಇವನ ದನಿ ಯಾಕೆ ಅಷ್ಟು ಏರಿತು?

*

ಸಿಂಪಿ ಬಿಡಿಸುವ ಷೆಡ್ಡಿನಲ್ಲಿ ಹೆಂಗಸರು ಸಾಲಾಗಿ ನಿಂತು, ಹಾಡುತ್ತ ಚಾಕು ಆಡಿಸುತ್ತಿದ್ದರು. ಟಲ್ ಒಳಗೆ ಬಂದದ್ದೇ ಹಾಡು ನಿಂತಿತು. ನಾರ್ವಿಲ್‌ನ ಹೆಂಡತಿ ಲಿಯೋಟಾ ಬಾಜ್‌ಮನ್ ಸಾಲಿನ ಕೊನೆಯಲ್ಲಿದ್ದಳು. ಗಂಡನನ್ನು ಮನೆಯೆದುರಿನ ಅಂಗಳದಲ್ಲೇ, ಅವನ ಅಪ್ಪನ ಗೋರಿಯ ಪಕ್ಕ, ನೀರು ಒಸರುವ ಗುಂಡಿಯಲ್ಲಿ ಇಳಿಸಿ, ಮೇಲೆ ಸಿಮೆಂಟಿನ ಚಪ್ಪಡಿ ಎಳೆಸಿ, ಮರುದಿನವೇ ಕೆಲಸಕ್ಕೆ ಬಂದವಳು.

“ನಿನ್ನ ತಮ್ಮನ ಷೆಡ್ಡಿಗೆ ಯಾರ್ಯಾರು ಬಂದು ಹೋಗ್ತಾರೆ ಅಂತ ಕೇಳೋಣ ಅಂತ ಬಂದೆ,” ಎಂದು ಟಲ್ ಗೋಣಿಯನ್ನು ಅವಳೆದುರಿಗಿಟ್ಟ. ಬಾಯಿ ಸಡಿಲವಾಗಿ ಎರಡೂ ಕಾರ್ಬ್ಯುರೇಟರುಗಳು ಅರ್ಧ ಹೊರಗೆ ಜಾರಿದವು.

ಲಿಯೋಟಾ ಒಂದು ಸಿಂಪಿಯ ಕೀಲು ಒಡೆದು, ಮಾಂಸ ಕೆರೆದು, ಚಿಪ್ಪು ಎಸೆದಳು. ಓರೆಗಣ್ಣಿನಲ್ಲಿ ಗೋಣಿಯನ್ನು ನೋಡಿದಳು.

“ಮುಚ್ಚಳ ಯಾಕೆ ಅದಲುಬದಲಾಗಿದೆ?” ಎಂದಳು.

ಅಂದವಳೇ ತುಟಿ ಕಚ್ಚಿದಳು. ಚಾಕು ಹಿಡಿದ ಕೈ ನಿಂತಿತು.

ಟಲ್ ಮೆಲ್ಲಗೆ ಹೇಳಿದ: “ಹೊರಗೆ ಬಾ, ಲಿಯೋಟಾ.”

ಚಿಪ್ಪಿನ ರಾಶಿಯ ಹಿಂದೆ ಗಾಳಿ ಬೀಸುತ್ತಿರಲಿಲ್ಲ. ಮಂಜು ಅವಳ ಕೂದಲ ಮೇಲೆ ಹನಿಗಟ್ಟಿತು.

“ನಿನ್ನ ತಮ್ಮ ಕೈಯಲ್ಲಿ ಹಿಡ್ಕೊಂಡು ನೋಡಿದ್ರೂ ಅವನಿಗೆ ಕಾಣಲಿಲ್ಲ. ನಿನಗೆ ಓರೆಗಣ್ಣಿಗೇ ಕಂಡಿತು.”

“ಅವನಿಗೆ ಯಾವತ್ತು ಕಂಡಿದೆ?” ಲಿಯೋಟಾ ಕಹಿಯಾಗಿ ನಕ್ಕಳು. “ಅಪ್ಪ ಹೇಳಿಕೊಟ್ಟಿದ್ದು ನನಗೆ, ಏಮಸ್. ಸಣ್ಣವಳಿದ್ದಾಗ ನನ್ನನ್ನ ಮೇಜಿನ ಮೇಲೆ ಕೂರಿಸ್ಕೊಂಡು ಜೆಟ್ಟು, ತೇಲುಗುಂಡು, ಸೂಜಿ ಅಂತ ಒಂದೊಂದೇ ಕೈಗೆ ಕೊಡ್ತಿದ್ದ. ಆಮೇಲೆ ದೊಡ್ಡವಳಾದೆ. ಹೆಂಗಸಿನ ಕೈ ತಾಗಿದ ಇಂಜಿನ್ನು ಬೋಟಿನವನನ್ನ ವಾಪಸ್ ತರಲ್ಲ ಅಂತ ಈ ಊರು ನಂಬಿದೆ, ಗೊತ್ತಲ್ಲ ನಿನಗೆ. ಷೆಡ್ಡು ತಮ್ಮನಿಗೆ ಹೋಯ್ತು. ನನಗೆ ಈ ಚಾಕು ಬಂತು.”

“ಕೆಲಸ ಮಾತ್ರ ನೀನೇ ಮಾಡ್ತಿದ್ದೆ.”

“ಏಡಿಯ ಬುಟ್ಟೀಲಿ ಹಾಕಿ, ಮೇಲೆ ಬಟ್ಟೆ ಹೊದಿಸಿ ನನ್ನ ಅಡುಗೆಮನೆಗೆ ತರ್ತಿದ್ದ. ಈ ದ್ವೀಪದಲ್ಲಿ ಯಾವ ಇಂಜಿನ್ನಿಗೆ ಯಾವ ಕಾರ್ಬ್ಯುರೇಟರು ಅಂತ ಆರಿಸಿದವಳು ನಾನು. ನಾರ್ವಿಲ್‌ಗೂ ಗೊತ್ತಿರಲಿಲ್ಲ. ನಾಲ್ಕು ಗಂಟಲಿನ ದೊಡ್ಡದೇ ಬೇಕು ಅಂತ ಅವನದು ಹಟ. ಕಾರಿಗೆ ಆಗಾಗ ಇಳಿಜಾರು ಸಿಗುತ್ತೆ, ಉಸಿರು ಬಿಡುತ್ತೆ. ಬೋಟಿನ ಇಂಜಿನ್ನು ಇಡೀ ದಿನ ಕೆಸರಲ್ಲಿ ಗಾಡಿ ಎಳೆಯೋ ಕುದುರೆ ಇದ್ದ ಹಾಗೆ. ಅದು ಎಷ್ಟು ಗಾಳಿ ಕುಡಿಯುತ್ತೋ ಅಷ್ಟಕ್ಕೇ ಅಳತೆ ನೋಡಿ ಕೊಡಬೇಕು. ದೊಡ್ಡದು ಕೊಟ್ರೆ ಸಿಂಪಿ ಎತ್ತೋವಾಗ, ನಿಂತಲ್ಲೇ ನಿಧಾನಕ್ಕೆ ಓಡೋವಾಗ, ಕೆಮ್ಮಿ ಕೆಮ್ಮಿ ಆರಿಹೋಗುತ್ತೆ. ಎರಡು ಗಂಟಲಿನ ಸಣ್ಣದನ್ನ ನಾನೇ ಆರಿಸಿದೆ. ಥರ್ಮನ್ ತನ್ನ ಮಾತು ಅಂತ ಅವನಿಗೆ ಹೇಳಿದ.”

“ಮತ್ತೆ ಮುಚ್ಚಳ?”

ಅವಳು ಚಾಕುವಿನ ಅಲಗನ್ನು ತೋಳಿಗೆ ಒರೆಸಿಕೊಂಡಳು.

“ಹೆಣದ ಗಾಡಿದೂ ತೊಳೆದಿಡು, ಯಾರಿಗಾದ್ರೂ ಬೇಕಾಗುತ್ತೆ ಅಂದ ಥರ್ಮನ್. ಎರಡನ್ನೂ ಬಿಚ್ಚಿ ಒಂದೇ ಬೋಗುಣೀಲಿ, ಒಂದೇ ಸೀಮೆಎಣ್ಣೇಲಿ ತೊಳೆದೆ. ಎರಡೂ ಒಂದೇ ಅಳತೆ, ಒಂದೇ ಕಾರ್ಖಾನೆದು, ಯಾವ ಮುಚ್ಚಳ ಯಾವುದಕ್ಕೂ ಕೂರುತ್ತೆ. ಜೋಡಿಸೋದು ನಾನು ನೋಡ್ಕೊತೀನಿ ಬಿಡಕ್ಕ ಅಂದ. ಒಂದು ಸಲವಾದ್ರೂ ತಾನೇ ಮಾಡಬೇಕು ಅನ್ನಿಸ್ತೋ ಏನೋ. ನಾನು ಹೊರಗೆ ಹೋದೆ.”

“ಎಲ್ಲಿಗೆ?”

“ಪ್ರಾರ್ಥನೆಗೆ.”

ಅದನ್ನು ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ.

“ಇದನ್ನ ನೀನು ಎಲ್ಲರೆದುರು ಹೇಳಿದ್ರೆ ಥರ್ಮನ್ ಮಾಡಿದ್ದು ಕೈತಪ್ಪು ಅಂತಾಗುತ್ತೆ. ಶಿಕ್ಷೆ ಇಳಿಯುತ್ತೆ.”

“ಹೇಳಿದ್ರೆ ನಾಳೆ ಬೆಳಗ್ಗೆ ಒಬ್ಬೊಬ್ಬನೂ ತನ್ನ ಇಂಜಿನ್ ಬಿಚ್ಚಿ ನೀರಿಗೆ ಎಸೀತಾನೆ. ನಾರ್ವಿಲ್‌ನ ಕೊಂದದ್ದು ಮುಚ್ಚಳ ಅನ್ನಲ್ಲ, ನನ್ನ ಕೈ ಅಂತಾರೆ. ಬೋಟಿನ ಮೇಲೆ ನನ್ನ ಹೆಸರು ಬರೀಬಹುದಂತೆ, ನಾನು ಮುಟ್ಟಬಾರದಂತೆ.”

“ಕೊಂದದ್ದು ಮುಚ್ಚಳ ಒಂದೇ ಅಲ್ಲ.” ಟಲ್ ಒಂದೊಂದೇ ಮಾತು ಆರಿಸಿಕೊಂಡು ಹೇಳಿದ. “ಅಷ್ಟು ಪೆಟ್ರೋಲು ಕೆಳಗೆ ನಿಂತಿದ್ರೆ ಪೆಟ್ಟಿಗೆ ತೆಗೆದ ಕೂಡಲೇ ಯಾರ ಮೂಗಿಗೂ ಹೊಡೀಬೇಕು. ಯಾರೋ ಒಬ್ಬರು ಬಗ್ಗಿ ಮೂಸಿ, ಸರಿ ಅಂದಿದಾರೆ. ತಪ್ಪಿ ಹೋಗಿ ಆಡೋ ಮಾತಲ್ಲ ಅದು.”

ಲಿಯೋಟಾಳ ಮುಖ ಬಿಳಿಚಿತು. ಅವಳು ಇದುವರೆಗೆ ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲವೆಂದು ಟಲ್‌ಗೆ ಅನ್ನಿಸಿತು. ಅಥವಾ, ಯೋಚಿಸಿದ್ದು ತಾನೊಬ್ಬಳೇ ಎಂದುಕೊಂಡಿದ್ದಳು.

ಅಷ್ಟರಲ್ಲಿ ಮೇಲ್ ಬೋಟಿನ ಕೊಂಬು ಮಂಜಿನೊಳಗಿಂದ ಕೂಗಿತು.

*

ಥರ್ಮನ್ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು, ಕಾಲ ಬಳಿ ಚೀಲ ಇಟ್ಟುಕೊಂಡು ಕಟ್ಟೆಯಲ್ಲಿ ನಿಂತಿದ್ದ. ಎಲ್ಜೀ ತನ್ನ ಬುಟ್ಟಿಯ ಮೇಲೇ ಇದ್ದ. ಸಿಂಪಿಯ ಬೋಟುಗಳು ಒಂದೊಂದಾಗಿ ಹಿಂದಿರುಗುತ್ತಿದ್ದವು. ಗಂಡಸರು ಹಗ್ಗ ಕಟ್ಟುತ್ತ, ಇತ್ತ ನೋಡದವರಂತೆ ನೋಡುತ್ತಿದ್ದರು.

“ಏನಾದ್ರೂ ಸಿಕ್ತಾ?” ಎಂದ ಥರ್ಮನ್.

ಟಲ್ ಉತ್ತರಿಸುವ ಮೊದಲೇ ಹಿಂದಿನಿಂದ ಲಿಯೋಟಾ ಬಂದಳು. ಮೈಮುಂದೆ ಕಟ್ಟಿಕೊಂಡಿದ್ದ ರಬ್ಬರು ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಚಾಕು ಹಾಗೇ ಇತ್ತು.

“ಅವನನ್ನ ಬಿಡು, ಏಮಸ್. ನನ್ನನ್ನ ಕರ್ಕೊಂಡು ಹೋಗು.”

“ಅಕ್ಕ, ಒಳಗೆ ಹೋಗು,” ಎಂದ ಥರ್ಮನ್.

“ಆ ಬೆಳಗ್ಗೆ ಪೆಟ್ಟಿಗೆ ತೆಗೆದು ಮೂಸಿದವಳು ನಾನು. ಮಂಜಿತ್ತು, ಹೆಂಗಸು ಬೋಟು ಹತ್ತಿದ್ದು ಯಾರಿಗೆ ಕಾಣಬೇಕು? ವಾಸನೆ ತಲೆಗೇ ಹತ್ತಿತು. ಸರಿ ಅಂದೆ. ಇಳಿದು ಬಂದೆ.”

ಹಗ್ಗ ಕಟ್ಟುತ್ತಿದ್ದವರ ಕೈಗಳು ನಿಂತವು.

“ಯಾಕೆ?” ಎಂದ ಟಲ್.

“ಅದು ಗಂಡ ಹೆಂಡತಿ ಮಧ್ಯದ ಲೆಕ್ಕ. ಬರಕೋ, ನಾನು ಹೇಳಿದ್ದು ಬರಕೋ.”

“ಸುಳ್ಳು!”

ಎಲ್ಜೀ ಎದ್ದು ನಿಂತಿದ್ದ. ಬುಟ್ಟಿ ಉರುಳಿ ನೀರಿಗೆ ಬಿತ್ತು. ಅವನು ಅದನ್ನು ನೋಡಲಿಲ್ಲ.

“ಎಲ್ಜೀ, ಬಾಯಿ ಮುಚ್ಚು,” ಎಂದಳು ಲಿಯೋಟಾ. ಅವಳ ದನಿಯಲ್ಲಿ ಮೊದಲ ಬಾರಿ ಭಯವಿತ್ತು.

“ಮುಚ್ಚಲ್ಲ. ನೀನು ಜೈಲಿಗೆ ಹೋಗೋದನ್ನ ನೋಡ್ಕೊಂಡು ಇಕ್ಕಳ ಉಜ್ಜಲಾ ನಾನು?” ಅವನು ಟಲ್‌ನ ಕಡೆ ತಿರುಗಿದ. “ನನ್ನ ಸೊಂಟಕ್ಕೆ ಏನೂ ಆಗಿರ್ಲಿಲ್ಲ ಸಾಹೇಬ್ರೆ. ಆ ಸದ್ದು ಕೇಳಿದಾಗ ಇವಳು ನನ್ನ ಮನೇಲಿದ್ಲು. ನನ್ನ ಅಡುಗೆಮನೇಲಿ, ನನ್ನ ಕೋಟು ಹೊದ್ಕೊಂಡು, ಕಾಫಿ ಕುಡೀತಿದ್ಲು.”

ಒಬ್ಬ ಮುದುಕ ಬೋಟುಗಾರ ಟೋಪಿ ತೆಗೆದು, ಏನು ಮಾಡಬೇಕೆಂದು ತೋಚದೆ ಮತ್ತೆ ಹಾಕಿಕೊಂಡ. ಲಿಯೋಟಾ ಅಲ್ಲಾಡದೆ ನಿಂತಿದ್ದಳು. ಊರು ಅವಳಿಂದ ಎರಡು ಹೆಜ್ಜೆ ಹಿಂದೆ ಸರಿದಂತೆ ಟಲ್‌ಗೆ ಕಂಡಿತು.

ಆದರೆ ಅವನು ಈಗ ಅವಳನ್ನು ನೋಡುತ್ತಿರಲಿಲ್ಲ. ಥರ್ಮನ್‌ನನ್ನು ನೋಡುತ್ತಿದ್ದ.

ಒಡಹುಟ್ಟಿದ ಅಕ್ಕನ ಬಗ್ಗೆ ಇಂಥ ಮಾತು ಕಟ್ಟೆಯ ಮೇಲೆ, ಊರವರೆದುರು ಬಿದ್ದಿತ್ತು. ಥರ್ಮನ್‌ನ ಮುಖದಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯವಂತೂ ಇರಲೇ ಇಲ್ಲ; ಮೊದಲೇ ಗೊತ್ತಿದ್ದವನ ಹಾಗಿದ್ದ. ಬೆಳಗ್ಗೆ ಬೇರೇನಾದರೂ ಹುಡುಕೆಂದು ಅಂಗಲಾಚಿದವನು ಬಗ್ಗಿ ಚೀಲ ಎತ್ತಿಕೊಂಡ. ಯಾರೂ ಕರೆಯದೆಯೇ ಮೇಲ್ ಬೋಟಿಗೆ ಇಳಿದು, ಕೊಲ್ಲಿಯ ಕಡೆಗೆ ಮುಖ ಮಾಡಿ ಕೂತ.

ಟಲ್ ಅಂಚಿಗೆ ಬಂದು ನಿಂತ. ದನಿ ತಗ್ಗಿಸಿ ಕೇಳಿದ:

“ಥರ್ಮನ್, ನಿನ್ನ ಮೂಗು ಚೆನ್ನಾಗಿದೆ ತಾನೆ? ಆ ಬೆಳಗ್ಗೆ ಪೆಟ್ಟಿಗೆ ಮೂಸಿ ಸರಿ ಅಂದದ್ದು ನೀನೇ ಅಲ್ವಾ?”

ಥರ್ಮನ್ ಕೋಟಿನ ಕಾಲರು ಮೇಲೆತ್ತಿಕೊಂಡ.

“ಅಕ್ಕನಿಗೆ ನಾನು ಕೊಡಬೇಕಾದ್ದು ಬಹಳ ಇದೆ, ಏಮಸ್. ಅಷ್ಟೂ ಇನ್ನೂ ತೀರಿಲ್ಲ,” ಎಂದ. “ಹಗ್ಗ ಬಿಚ್ಚೋಕೆ ಹೇಳು.”